ಎರಡು ನೋಟ್‌ಬುಕ್ಕು

ಈಗಷ್ಟೇ ಕಲಬುರಗಿಯ ಐವಾನ್-ಎ-ಶಾಹಿ ರಸ್ತೆಯಲ್ಲಿ ಆಟೊಗೆ ಕಾಯ್ತಾ ನಿಂತಿದ್ದೆ. ಪಕ್ಕದಲ್ಲಿ ಬಿ.ಎ. ಓದುವ ಹುಡುಗಿ, ಕಮಲಾಪುರದ ಕಡೆಯವಳು. ಎದೆಗವಚಿಕೊಂಡ ಎರಡು ನೋಟ್‌ಬುಕ್ಕು. ಒಂದರ ರಟ್ಟಿನ ಮೇಲೆ ರಾಜ್ಯಶಾಸ್ತ್ರ, ಇನ್ನೊಂದರ ಮೇಲೆ ಸಮಾಜಶಾಸ್ತ್ರ.

"ಎರಡೂ ಯಾಕವ್ವ ತಗೊಂಡಿ?" ಅಂದೆ.

"ಒಂದರಾಗ ಕಾನೂನು ಅದರಿ ಅಕ್ಕಾ, ಇನ್ನೊಂದರಾಗ ನಮ್ಮನಿ ಅದರಿ."

ಆಟೊ ಹತ್ತಿದರೂ ಆ ಮಾತು ಬಿಡ್ತಿಲ್ಲ. 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ನಮ್ಮ ಭಾಗಕ್ಕೆ 371(ಜೆ) ವಿಧಿ ಬಂತು. ಓದಿನಲ್ಲಿ, ನೌಕರಿಯಲ್ಲಿ ಇಲ್ಲಿನವರಿಗೆ ಮೀಸಲು. ಅದು ಹೇಗೆ ಬಂತು, ಎಷ್ಟು ವರ್ಷದ ಹೋರಾಟ ಅನ್ನೋದನ್ನು ರಾಜ್ಯಶಾಸ್ತ್ರ ಹೇಳುತ್ತೆ. ಆದರೆ ತೊಗರಿ ರಾಶಿ ಮುಗಿದ ಮೇಲೆ ಅಪ್ಪ ಅವ್ವನ ಜೊತೆ ಮುಂಬೈಗೋ ಪುಣೆಗೋ ಗುಳೆ ಹೋಗುವ ಮಗು ಆ ಮೀಸಲು ಸೀಟಿನವರೆಗೆ ಬರೋದೇ ಇಲ್ಲವಲ್ಲ, ನಡುವೆಯೇ ಶಾಲೆ ತಪ್ಪುತ್ತೆ. ಅದನ್ನು ಕೇಳೋದು ಸಮಾಜಶಾಸ್ತ್ರ. ಒಂದನ್ನೇ ಓದಿದ್ದರೆ ನನಗಂತೂ ಅರ್ಧ ಕಲಬುರಗಿಯಷ್ಟೇ ಕಾಣ್ತಿತ್ತು.

ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲಿ ಓದಿದ ಗೆಳೆಯರೇ, ಈ ಎರಡನ್ನೂ ಜೊತೆಗೆ ಓದಿದವರು ಯಾರಿದ್ದೀರಿ? ನಿಮ್ಮೂರು ನಿಮಗೆ ಬೇರೆಯಾಗಿ ಕಂಡದ್ದು ಯಾವ ಪಾಠದಲ್ಲಿ?