ಉಯ್ಯಂಬಳ್ಳಿಯ ಜಗಲಿಗೆ ಬಂದ ಡೌಲಂಡ್

ಕನಕಪುರ ದಾಟಿ ದೊಡ್ಡಆಲಹಳ್ಳಿ ಕಡೆಗೆ ಹೊರಳಿದ ಮೇಲೆ ಬಂಡೆಗಳು ರಸ್ತೆಗೆ ಹತ್ತಿರ ಬರತೊಡಗುತ್ತವೆ. ರಾಗಿ ಕೊಯ್ಲಿನ ಕಾಲ. ಟಾರು ರಸ್ತೆಯನ್ನೇ ಕಣ ಮಾಡಿಕೊಂಡು ತೆನೆ ಹರಡಿದ್ದರು. ಬಸ್ಸು, ಟೆಂಪೋ, ನಮ್ಮ ಕಾರು, ಎಲ್ಲವೂ ಅವರ ಒಕ್ಕಣೆಯಲ್ಲಿ ಪಾಲುಗೊಳ್ಳುತ್ತಿದ್ದವು. ಕಾರಿನೊಳಗೆ ವಿಲಿಯಂ ಬರ್ಡ್ ಎಂಬಾತನ ನಾಲ್ಕು ದನಿಗಳ ಮಾಸ್ ಹರಿಯುತ್ತಿತ್ತು. ಸ್ಟಿಯರಿಂಗ್ ಹಿಡಿದಿದ್ದ ಅಕ್ಕನ ಮಗ ಬಹಳ ಹೊತ್ತು ತಡೆದುಕೊಂಡಿದ್ದು, ಕಡೆಗೆ ಕೇಳಿಯೇ ಬಿಟ್ಟ: “ಮಾವ, ಇದು ಚರ್ಚ್ ಹಾಡಾ?”

“ಚರ್ಚಿನದೇ. ಆದರೆ ಆ ಕಾಲದ ಚರ್ಚಿನಲ್ಲಿ ಹಾಡಿದ್ದರೆ ಜೈಲು.”

ಅವನು ವೇಗ ತಗ್ಗಿಸಿದ. ಹಾಡಿಗಿಂತ ಜೈಲಿನ ವಿಷಯ ಅವನಿಗೆ ಹಿಡಿಸಿತು. ಒಂದನೆಯ ಎಲಿಜಬೆತ್ ರಾಣಿಯ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಪೂಜೆ, ಅಂದರೆ ಮಾಸ್, ಅಪರಾಧ. ಮಾಡಿಸಿದವರಿಗೆ ದಂಡ, ಸೆರೆ. ಸಿಕ್ಕಿಬಿದ್ದ ಪಾದ್ರಿಗೆ ಗಲ್ಲು. ಬರ್ಡ್ ಕ್ಯಾಥೊಲಿಕ್. ಆದರೂ ರಾಣಿಯ ಚಾಪೆಲ್ ರಾಯಲ್‌ನಲ್ಲಿ ಅವನದು ಉದ್ಯೋಗ. ಸಂಗೀತ ಅಚ್ಚು ಹಾಕಿಸುವ ಏಕಸ್ವಾಮ್ಯವನ್ನು 1575ರಲ್ಲಿ ಅವನಿಗೂ ಅವನ ಗುರುವಿನಂತಿದ್ದ ಥಾಮಸ್ ಟಾಲಿಸ್‌ಗೂ ಕೊಟ್ಟವಳೂ ಅದೇ ರಾಣಿ. ಇಂಥವನು 1590ರ ದಶಕದಲ್ಲಿ ಮೂರು ಮಾಸ್‌ಗಳನ್ನು ಬರೆದು, ಮುಖಪುಟವಿಲ್ಲದೆ, ಇಸವಿ ಇಲ್ಲದೆ ಅಚ್ಚು ಹಾಕಿಸಿದ. ಎಸೆಕ್ಸ್ ಸೀಮೆಯ ಹಳ್ಳಿಮನೆಗಳಲ್ಲಿ ಬಾಗಿಲು ಹಾಕಿಕೊಂಡು ನಾಲ್ಕೈದು ಮಂದಿ ಹಾಡಿಕೊಳ್ಳಲು ಬೇಕಾದ ಸಂಗೀತ ಅದು. ನಾವು ಕೇಳುತ್ತಿದ್ದುದು ಟಾಲಿಸ್ ಸ್ಕಾಲರ್ಸ್ ತಂಡದ 1984ರ ಧ್ವನಿಮುದ್ರಣ. ಚಾಪೆಲಿನ ಕಲ್ಲುಗೋಡೆಗಳ ಅನುರಣನ ಅದರ ತುಂಬ ಇದೆ. ತುಂಬ ಚೆಲುವಾಗಿದೆ, ಬಾಗಿಲು ಹಾಕಿಕೊಂಡ ಅಂಜಿಕೆ ಮಾತ್ರ ಅದರಲ್ಲಿಲ್ಲ.

ಈ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನಲ್ಲಿ. ನೀಸಿಯಾ ಮಜೋಲಿ ಕಟ್ಟಿದ ‘ಮ್ಯಾಡ್ರಿಗಲ್ಸ್, ಎಟ್ಸೆಟ್ರಾ’ ಎಂಬ ಗಾಯನ ತಂಡ ನಮ್ಮ ಊರಿನಲ್ಲೇ ಇದೆ ಎಂಬುದು ಕರ್ನಾಟಕ ಸಂಗೀತದ ಕಛೇರಿಗಳಲ್ಲೇ ಬೆಳೆದ ನನ್ನಂಥವರಿಗೆ ತಡವಾಗಿ ಗೊತ್ತಾಗುವ ಸಂಗತಿ. ಮ್ಯಾಡ್ರಿಗಲ್ ಎಂದರೆ ಪಕ್ಕವಾದ್ಯವಿಲ್ಲದೆ ಕೆಲವೇ ದನಿಗಳು ಹೆಣೆಯುವ ಹಾಡು. ಎದುರು ಕೂತು ಕೇಳಿದರೆ ಮೊದಲು ತಬ್ಬಿಬ್ಬಾಗುತ್ತದೆ. ನಮ್ಮ ಕಛೇರಿಯಲ್ಲಿ ಯಾರನ್ನು ನೋಡಬೇಕೆಂಬ ಅನುಮಾನವೇ ಇಲ್ಲ. ನಡುವೆ ಕೂತವರೇ ಗಾಯಕರು. ಇಲ್ಲಿ ಮುಖ್ಯ ದನಿ ಎಂಬುದೇ ಇಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವಷ್ಟರಲ್ಲಿ ಮೂರನೆಯವರು ಬೇರೆಡೆಗೆ ಹೊರಟಿರುತ್ತಾರೆ. ಕಣ್ಣಿನ ಸಹಾಯವಿಲ್ಲದೆ ಅದನ್ನು ಬಿಡಿಸಿಕೊಳ್ಳುವುದು ಕಷ್ಟ. ರೆಕಾರ್ಡಿನಲ್ಲಿ ಮೊದಲು ಕೇಳಿದ್ದವನಿಗೆ ಅದು ಒಂದೇ ಹೊಗೆಯಂತೆ ತೋರಿತ್ತು. ಉಸಿರೆಳೆದುಕೊಳ್ಳುವ ಭುಜಗಳನ್ನು ನೋಡಿದ ಮೇಲೆ ಎಳೆಗಳು ಬೇರೆಬೇರೆಯಾದವು.

ಇಂಗ್ಲಿಷರೂ ತಮ್ಮ ಈ ಹಳೆಯ ಸಂಗೀತವನ್ನು ಬಹುಮಟ್ಟಿಗೆ ಮರೆತಿದ್ದರು. ಫ್ರಾನ್ಸಿನಲ್ಲಿ ಹುಟ್ಟಿದ ಆರ್ನಲ್ಡ್ ಡಾಲ್ಮೆಚ್ ಎಂಬ ಹಟಮಾರಿ ಲ್ಯೂಟ್, ವಯಲ್ ಮುಂತಾದ ಹಳೆಯ ವಾದ್ಯಗಳನ್ನು ತಾನೇ ಮಾಡಿ, ಮನೆಮಂದಿಗೆಲ್ಲ ಕಲಿಸಿ, 1925ರಲ್ಲಿ ಹ್ಯಾಸಲ್ಮಿಯರ್ ಎಂಬ ಸಣ್ಣ ಪಟ್ಟಣದಲ್ಲಿ ಉತ್ಸವ ಶುರುಮಾಡಿದ. ಅವನ ಬಳಿಯಿದ್ದ ಹಳೆಯ ರೆಕಾರ್ಡರ್ ಕೊಳಲು 1919ರಲ್ಲಿ ಲಂಡನ್ನಿನ ವಾಟರ್‌ಲೂ ರೈಲು ನಿಲ್ದಾಣದಲ್ಲಿ ಕಳೆದುಹೋಯಿತು. ಏಳು ವರ್ಷದ ಮಗ ಚೀಲ ಬಿಟ್ಟುಬಂದಿದ್ದ. ಅಪ್ಪ ಹೊಸದೊಂದನ್ನು ಮಾಡಲು ಕೂತ. ಇವತ್ತು ಜಗತ್ತಿನ ಶಾಲೆಗಳಲ್ಲಿ ಮಕ್ಕಳು ಊದುವ ರೆಕಾರ್ಡರಿಗೆ ಆ ಮರೆವಿನ ಋಣವಿದೆ.

ಉಯ್ಯಂಬಳ್ಳಿ ಹೋಬಳಿ ಕೇಂದ್ರವಾದರೂ ಸಂಜೆಯ ಮೇಲೆ ಅದರ ಗತ್ತು ಹಳ್ಳಿಯದೇ. ಅಕ್ಕನ ಮನೆಯ ಜಗಲಿಯಲ್ಲಿ ಕಾಫಿ ಕುಡಿದು ಕೂತೆವು. ಪಕ್ಕದ ಮನೆಯ ತಾತ ಬಂದರು. ಹರೆಯದಲ್ಲಿ ಮಾದಪ್ಪನ ಕಥೆ ಹೇಳುವ ಮೇಳದಲ್ಲಿ ಕಂಸಾಳೆ ಹಿಡಿದು ಹಿಮ್ಮೇಳ ಹಾಡಿದವರು. ಶಿವರಾತ್ರಿ ಹೊತ್ತಿಗೆ ಈ ಸೀಮೆಯ ಜನ ಕಾವೇರಿ ದಾಟಿ ಕಾಲ್ನಡಿಗೆಯಲ್ಲೇ ಮಲೆ ಮಾದೇಶ್ವರನ ಬೆಟ್ಟಕ್ಕೆ ಹೋಗುತ್ತಾರೆ. ತಾತ ಹೋಗದ ವರ್ಷ ಕಡಿಮೆಯಂತೆ.

ಅಕ್ಕನ ಮಗ ಸುಮ್ಮನಿರಲಿಲ್ಲ. “ತಾತ, ಮಾವ ಜೈಲಿಗೋಗೋ ಹಾಡು ತಂದವ್ರೆ” ಎಂದ. ಫೋನಿಗೆ ಸಣ್ಣ ಸ್ಪೀಕರ್ ಜೋಡಿಸಿ ಬರ್ಡ್‌ನನ್ನೇ ಹಾಕಿದೆ. ತಾತ ಕಣ್ಣು ಮುಚ್ಚಿ ಕೇಳಿದರು. ನಾನು ಮೆಚ್ಚುಗೆ ಕಾದೆ. “ಹಿಮ್ಮೇಳದವ್ರಿಗೆ ತಾಳ್ಮೆನೇ ಇಲ್ವಲ್ಲಪ್ಪ. ಮುಂದಾಳು ಸೊಲ್ಲು ಮುಗ್ಸೋಕ್ ಮುಂಚೇನೆ ಎತ್ಕೋತಾವ್ರೆ” ಎಂದರು.

ಬಹುಧ್ವನಿ ಸಂಗೀತವನ್ನು ವಿವರಿಸುವ ಪುಸ್ತಕಗಳು ಪುಟಗಟ್ಟಲೆ ಹೇಳುವುದನ್ನು ಅವರು ದೂರಿನ ರೂಪದಲ್ಲಿ ಒಂದೇ ಮಾತಿಗೆ ಮುಗಿಸಿದ್ದರು. ಮಾದಪ್ಪನ ಕಥೆಯಲ್ಲಿ ಮುಂದಾಳು ಸಾಲು ಮುಗಿಸುವ ಜಾಗದಲ್ಲಿ ಹಿಮ್ಮೇಳ ಕೈಗೆತ್ತಿಕೊಳ್ಳುತ್ತದೆ. ಆ ಜಾಗ ತಪ್ಪಿದರೆ ಕಥೆ ಕೆಡುತ್ತದೆ. ಬರ್ಡ್‌ನ ಇಡೀ ಕಲೆ ನಿಂತಿರುವುದೇ ಆ ಜಾಗಕ್ಕೆ ಕಾಯದಿರುವುದರ ಮೇಲೆ.

ಆಮೇಲೆ ಜಾನ್ ಡೌಲಂಡ್. ಒಂದೇ ಕಂಠ, ಒಂದು ಲ್ಯೂಟ್. ಹಾಡುತ್ತಿದ್ದವನು ಆಲ್ಫ್ರೆಡ್ ಡೆಲ್ಲರ್. ಕ್ಯಾಂಟರ್ಬರಿ ಕ್ಯಾಥೀಡ್ರಲ್ಲಿನ ಹಾಡುಗಾರ. 1946ರಲ್ಲಿ ಬಿಬಿಸಿಯ ಥರ್ಡ್ ಪ್ರೋಗ್ರಾಮ್ ಶುರುವಾದ ದಿನ ಪರ್ಸೆಲ್ ಕೃತಿಯಲ್ಲಿ ಹಾಡಿ, ಗಂಡಸಿನ ಮೇಲುಗಂಟಲಿನ ದನಿಗೆ ಮತ್ತೆ ಮರ್ಯಾದೆ ತಂದವನು.

“ಗಂಡ್ಸೋ ಹೆಂಗ್ಸೋ?”

“ಗಂಡ್ಸೇ ತಾತ.”

“ಚೆನ್ನಾಗೈತೆ. ಏನಂತವ್ನೆ?”

“ಕಣ್ಣೀರು ಹರೀಲಿ, ಬೆಳಕೇ ಬ್ಯಾಡ, ಕತ್ಲೇಲೇ ಇರ್ತೀನಿ ಅಂತವ್ನೆ.”

“ಪಾಪ. ಯಾರ್ ತೀರ್ಕೊಂಡ್ರಂತೆ?”

“ಯಾರೂ ಇಲ್ಲ. ಆಗ ಅಲ್ಲಿ ದೊಡ್ಡೋರ ಮನೇಲಿ ದುಃಖ ಅನ್ನೋದು ಒಂದು ಶೋಕಿ ಆಗಿತ್ತು ತಾತ.”

ತಾತ ಸ್ವಲ್ಪ ಹೊತ್ತು ಯೋಚಿಸಿದರು. “ಮಳೆಗಿಳೆ ಸರ್ಯಾಗ್ ಆಗ್ತಿತ್ತು ಅಂತ ಕಾಣ್ತದೆ ಅಲ್ಲಿ” ಎಂದರು.

ಡೌಲಂಡ್ ತನ್ನ ವಾದ್ಯಕೃತಿಯೊಂದಕ್ಕೆ ‘ಡೌಲಂಡ್ ಸದಾ ದುಃಖಿ’ ಎಂದು ಅರ್ಥ ಬರುವ ಲ್ಯಾಟಿನ್ ಹೆಸರಿಟ್ಟಿದ್ದವನು. ಹೀಗೆ ಅಳುತ್ತಲೇ ಡೆನ್ಮಾರ್ಕಿನ ಅರಸನ ಆಸ್ಥಾನದಲ್ಲಿ ಭಾರಿ ಸಂಬಳ ತೆಗೆದುಕೊಳ್ಳುತ್ತಿದ್ದ. ನನಗೆ ಅವನ ಮೇಲೆ ಪ್ರೀತಿ ಬಂದದ್ದು ಇನ್ನೊಂದು ಕಾರಣಕ್ಕೆ. 1597ರಲ್ಲಿ ಅವನು ತಂದ ಮೊದಲ ಹಾಡುಗಳ ಪುಸ್ತಕವನ್ನು ಬಿಡಿಸಿ ಮೇಜಿನ ಮೇಲಿಟ್ಟರೆ ಒಂದು ಪುಟದಲ್ಲಿ ಮುಖ್ಯ ದನಿ ಮತ್ತು ಲ್ಯೂಟಿನ ಪಾಠ ಇರುತ್ತದೆ; ಎದುರು ಪುಟದಲ್ಲಿ ಉಳಿದ ದನಿಗಳು ಒಂದೊಂದು ದಿಕ್ಕಿಗೆ ತಿರುಗಿಸಿ ಅಚ್ಚಾಗಿವೆ. ಮೇಜಿನ ಸುತ್ತ ಕೂತವರು ತಮ್ಮತಮ್ಮ ಜಾಗದಿಂದಲೇ ಒಂದೇ ಪುಸ್ತಕ ನೋಡಿ ಹಾಡಬಹುದು. ಒಬ್ಬರೇ ಇದ್ದರೂ ಆಯಿತು, ನಾಲ್ವರಿದ್ದರೂ ಆಯಿತು. ಸಭಿಕರೆಂಬವರಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲ.

ಕನಕಪುರದಲ್ಲಿ ಸಂಗೀತ ಪಾಠಕ್ಕೆ ಹೋಗುವ ಅಕ್ಕನ ಮೊಮ್ಮಗಳು ಅಷ್ಟರಲ್ಲಿ ‘ಶ್ಯಾಮಲೆ ಮೀನಾಕ್ಷಿ’ ಹಾಡಿ ತೋರಿಸಿದಳು. ಇಂಗ್ಲಿಷ್ ಹಾಡು ನಡೆಯುತ್ತಿದ್ದುದರಿಂದ ಇದೂ ಸೇರಲಿ ಎಂದು ಅವಳ ಲೆಕ್ಕ, ಮತ್ತು ಅವಳ ಲೆಕ್ಕ ಸರಿಯೇ. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಕೇಳಿದ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳಲ್ಲಿ ಅದೊಂದು. ‘ಸಂತತಂ ಪಾಹಿಮಾಂ’ ಎಂಬುದು ಬ್ರಿಟಿಷರ ರಾಷ್ಟ್ರಗೀತೆಯ ಧಾಟಿ. 1745ರಲ್ಲಿ ಲಂಡನ್ನಿನ ನಾಟಕಶಾಲೆಗಳಲ್ಲಿ ಜನಪ್ರಿಯವಾದದ್ದು. ಬ್ರಿಟಿಷ್ ಸೈನಿಕರ ನಡಿಗೆಯ ಮಟ್ಟಿನಲ್ಲಿ ಸುಬ್ರಹ್ಮಣ್ಯನೂ ಇದ್ದಾನೆ.

ಮರುದಿನ ಸಂಗಮಕ್ಕೆ ಹೋದೆವು. ಅರ್ಕಾವತಿ ಕಾವೇರಿಯನ್ನು ಕೂಡುವ ಜಾಗ. ಹುಡುಗರು ನೀರಿನ ಕಡೆ ಹೋದಾಗ ನಾನು ಮತ್ತಿಮರದ ನೆರಳಿನ ಬಂಡೆಯೊಂದನ್ನು ಹಿಡಿದು ಇಯರ್‌ಫೋನ್ ಹಾಕಿಕೊಂಡೆ. ಟಾಲಿಸ್‌ನ ‘ಸ್ಪೆಮ್ ಇನ್ ಆಲಿಯಂ’. 1570ರ ಆಸುಪಾಸಿನ ರಚನೆ. ನಲವತ್ತು ಜನ, ನಲವತ್ತು ಬೇರೆಬೇರೆ ಪಾಠ. ಐದೈದು ದನಿಗಳ ಎಂಟು ಮೇಳ. ಹಿಂದಿನ ಸಂಜೆ ಜಗಲಿಯಲ್ಲಿ ಇದನ್ನು ಹಾಕುವ ಆಸೆಯಾಗಿ ತಡೆದುಕೊಂಡಿದ್ದೆ. ಅಂಗೈಯಗಲದ ಸ್ಪೀಕರಿನಿಂದ ನಲವತ್ತು ಜನ ಹೊರಬರಲಾರರು. ಮೊದಲ ಮೇಳದಲ್ಲಿ ಒಂದು ದನಿ ಏಳುತ್ತದೆ, ಪಕ್ಕಕ್ಕೆ ದಾಟುತ್ತದೆ, ಒಂದೊಂದೇ ಮೇಳ ಎಚ್ಚರಗೊಳ್ಳುತ್ತ ಎಂಟನೆಯದಕ್ಕೆ ಮುಟ್ಟುತ್ತದೆ. ಎಡಗಿವಿಯಿಂದ ಬಲಗಿವಿಗೆ ಹರಿದು ಹೋದದ್ದು ಮತ್ತೆ ಹಿಂದಿರುಗುತ್ತದೆ. ಕೊನೆಯ ಹತ್ತಿರ ಎಲ್ಲರೂ ಒಮ್ಮೆಲೇ ನಿಲ್ಲುತ್ತಾರೆ. ಆ ಬಿಡುವಿನಲ್ಲಿ ಇಯರ್‌ಫೋನಿನ ಆಚೆಯಿಂದ ನೀರಿನ ಮೊರೆತ ಒಳನುಗ್ಗಿತು. ಮರುಕ್ಷಣವೇ ನಲವತ್ತೂ ದನಿಗಳು ಒಟ್ಟಿಗೆ. ನಾನು ಎದ್ದು ನಿಂತುಬಿಟ್ಟಿದ್ದೆ. ಹತ್ತು ನಿಮಿಷದ ಕೃತಿ. ಇದನ್ನು ಎದುರು ಕೇಳುವ ಯೋಗ ನನಗಿನ್ನೂ ಬಂದಿಲ್ಲ. ಧ್ವನಿಮುದ್ರಣ ಮಾಡಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ರಾಮನಗರದ ಜಾನಪದ ಲೋಕವನ್ನು ನೋಡಿದಾಗಲೂ ಹಾಗೇ ಅನ್ನಿಸಿತ್ತು. ಎಚ್.ಎಲ್. ನಾಗೇಗೌಡರು ಊರೂರು ಅಲೆದು ಹಾಡುಗಾರರ ದನಿಗಳನ್ನು ಟೇಪಿಗೆ ಹಿಡಿಯದಿದ್ದರೆ ಎಷ್ಟು ಕಂಠಗಳು ಅವರ ಕೇರಿಯಾಚೆ ಯಾರಿಗೂ ತಿಳಿಯದೆ ಹೋಗುತ್ತಿದ್ದವು! ಹಿಡಿದಿಟ್ಟ ದನಿ ಬಲು ದೂರ ಹೋಗಬಲ್ಲದು. 1977ರಲ್ಲಿ ಹೊರಟ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿ ಆಂಥನಿ ಹೋಲ್ಬೋರ್ನ್‌ನ ಒಂದೂಕಾಲು ನಿಮಿಷದ ಕುಣಿತದ ಸಂಗೀತವಿದೆ. 1599ರಲ್ಲಿ ಅಚ್ಚಾದದ್ದು, ಡೇವಿಡ್ ಮನ್ರೊ ತಂಡ ನುಡಿಸಿದ್ದು. ಅದೇ ತಟ್ಟೆಯಲ್ಲಿ ಗೋವೆಯ ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ಇಬ್ಬರೂ ಈಗ ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿದ್ದಾರೆ. ತಾತನ ಮೇಳದ ಒಂದು ಸೊಲ್ಲು ಅವರ ಜೊತೆಗಿದ್ದಿದ್ದರೆ!

ಆ ಸಂಜೆ ಮೊಮ್ಮಗಳು ಬಿಡಲಿಲ್ಲ: “ನಾವೇ ಹಾಡೋಂಥದ್ದು ಏನೂ ಇಲ್ವಾ?” ಇತ್ತು. ಹದಿಮೂರನೆಯ ಶತಮಾನದ ನಡುವಿನ, ಅಂದರೆ ನಮ್ಮಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ ಕಾಲದ, ಇಂಗ್ಲಿಷ್ ಸುತ್ತುಹಾಡು. ರೆಡಿಂಗ್ ಮಠಕ್ಕೆ ಸೇರಿದ ಹಸ್ತಪ್ರತಿಯಲ್ಲಿ ಉಳಿದುಬಂದದ್ದು. ಬೇಸಗೆ ಬಂತು, ಕೋಗಿಲೆ ಕೂಗು ಎಂಬಷ್ಟೇ ಅದರ ಸಂಗತಿ. ಒಬ್ಬರ ಹಿಂದೆ ಒಬ್ಬರಂತೆ ನಾಲ್ವರು ಒಂದೇ ಮಟ್ಟನ್ನು ಹಾಡಬೇಕು. ಕೆಳಗೆ ಇನ್ನಿಬ್ಬರು ಎರಡು ಪುಟ್ಟ ಸಾಲುಗಳನ್ನು ಅದಲುಬದಲು ಮಾಡಿಕೊಂಡು ಹೇಳುತ್ತಲೇ ಇರಬೇಕು. ಮೊಮ್ಮಗಳು ಫೋನಿಗೆ ಕಿವಿಗೊಟ್ಟು, ಮೇಲಿನ ಷಡ್ಜದಿಂದ ಇಳಿಯುವ ಮಟ್ಟನ್ನು ಸರಿಗಮಕ್ಕೆ ಇಳಿಸಿಕೊಂಡಳು. “ಶಂಕರಾಭರಣದ ಸ್ವರಗಳೇ ಅಲ್ವಾ ಇವು!” ಎಂದಳು. ನೊಟ್ಟುಸ್ವರದ ಮೇಳವೇ.

ಮೇಲಿನ ಮಟ್ಟಿಗೆ ಮನೆಯ ನಾಲ್ವರು ಮಕ್ಕಳು ನಿಂತರು. ಮೊದಲ ಸಲ ಎರಡನೆಯವನು ಹೊರಟ ಕೂಡಲೇ ಮೊದಲಿನವಳು ಅವನ ಜೊತೆ ಸೇರಿಬಿಟ್ಟಳು. ಇನ್ನೊಂದು ಸಲ ನಗು. ಆಮೇಲೆ ತಾತ ನಡುವೆ ಬಂದು ಯಾರು ಯಾವಾಗ ಎತ್ತಿಕೊಳ್ಳಬೇಕೆಂದು ಬೆರಳಿನಲ್ಲಿ ತೋರಿಸತೊಡಗಿದರು. ತಾಳ್ಮೆಯಿಲ್ಲದ ಹಿಮ್ಮೇಳಕ್ಕೆ ಈಗ ಅವರೇ ಯಜಮಾನ. ಅಡಿಯ ಸಾಲುಗಳನ್ನು ಹಿಡಿದದ್ದು ಭಾವ ಮತ್ತು ನಾನು. ಒಂದು ಸುತ್ತು, ಪೂರ್ತಿ ಒಂದು ಸುತ್ತು, ಆರೂ ದನಿಗಳು ಒಂದರ ಮೇಲೊಂದು ಕೂತವು. ಯಾರು ಏನು ಹಾಡುತ್ತಿದ್ದೇವೆಂಬುದು ಮರೆತು, ನಡುವೆ ಯಾರೂ ಹಾಡದ ಏಳನೆಯದೊಂದು ದನಿ ಕೇಳಿಸಿದಂತಾಯಿತು.

“ನಿಲ್ಸೋದು ಯಾವಾಗ?” ಎಂದರು ತಾತ.

ಈ ಹಾಡು ಸುತ್ತುತ್ತ ಎಷ್ಟು ಹೊತ್ತಾದರೂ ನಡೆಯಬಹುದು ಎಂದೆ. ಒಳಗಿನಿಂದ ಅಕ್ಕ ಕೂಗಿದಳು: “ಮುದ್ದೆ ಆರೋಗ್ತದೆ, ಬರ್ರೋ!” ನಾಲ್ವರು ಮಕ್ಕಳೂ ಎದ್ದು ಓಡಿದರು. ಭಾವ ಮಾತ್ರ ಕೈ ತೊಳೆಯುವಾಗಲೂ ತನ್ನ ಪಾಲಿನ ಸಾಲನ್ನು ಬಿಟ್ಟಿರಲಿಲ್ಲ.