ಹೆಣ್ಣೊಪ್ಪಿಸುವ ಹಾಡು

ಭಾನುವಾರ, 9 ಜೂನ್ 2024, ಸಾಗರ

ಮಳೆ ಹಿಡಿದುಕೊಂಡಿದೆ. ದೊಡ್ಡಮ್ಮನ ಮನೆಯಿಂದ ತಂದ ಮದುವೆ ಡಿವಿಡಿಯನ್ನು ಇನ್ನು ಹಾಗೇ ಇಟ್ಟರೆ ಆಗದು. ಸ್ಟುಡಿಯೋದಲ್ಲಿ ಬರೆದುಕೊಡುವ ಇಂಥ ಡಿಸ್ಕುಗಳಲ್ಲಿ ಚಿತ್ರ ಕೂತಿರುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ನಮ್ಮ ಮಲೆನಾಡಿನ ತೇವ, ಎಲ್ಲವೂ ಅದಕ್ಕೆ ಆಗದವೇ. 2004ರ ಅಕ್ಕನ ಮದುವೆಯ ಡಿಸ್ಕು ಅಂಚಿನಲ್ಲಿ ಆಗಲೇ ಮಾಸಿದೆ. ಡಿಸ್ಕಿನ ಬರವಣಿಗೆ ನಡುವಿನಿಂದ ಹೊರಟು ಅಂಚಿಗೆ ಮುಗಿಯುತ್ತದೆ. ಹಾಗಾಗಿ ಕುತ್ತು ಬಂದಿರುವುದು ಮದುವೆಯ ಕೊನೆಯ ಭಾಗಕ್ಕೆ, ಅಜ್ಜಿ ಹೆಣ್ಣೊಪ್ಪಿಸುವ ಹಾಡು ಹೇಳಿದ ಹೊತ್ತಿಗೆ. ಚಿತ್ರ ತೆಗೆದ ಮಿನಿ ಡಿವಿ ಕ್ಯಾಸೆಟ್ಟುಗಳ ಮೇಲೆ ಬೇರೆ ಯಾರದೋ ಮದುವೆ ಬಂದು ಹೋಗಿದೆ. ಅಜ್ಜಿಯ ದನಿ ಬೇರೆಲ್ಲೂ ಇಲ್ಲ.

ಸೋಮವಾರ, 10 ಜೂನ್

ಲ್ಯಾಪ್‌ಟಾಪಿನಲ್ಲಿ ಡಿವಿಡಿ ಡ್ರೈವೇ ಇಲ್ಲ. ಯುಎಸ್‌ಬಿಗೆ ಹಾಕುವ ಒಂದನ್ನು ಗೆಳೆಯ ಕೊಟ್ಟ. ಎಡಿಟಿಂಗ್ ಆಮೇಲೆ, ಮೊದಲು ಡಿಸ್ಕಿನ ಪೂರ್ತಿ ನಕಲು ಆಗಬೇಕು. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಅದಕ್ಕೆ ಹೇಳಿ ಮಾಡಿಸಿದ್ದು: ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗ ದಾಟಿ ಮುಂದೆ ಹೋಗಿ, ಕೊನೆಗೆ ಮತ್ತೆ ಅಲ್ಲಿಗೇ ಬಂದು 2048 ಬೈಟ್‌ಗಳ ಒಂದೊಂದೇ ಸೆಕ್ಟರನ್ನು ಕೆದಕುತ್ತದೆ. ಸಂಜೆ ಕರೆಂಟು ಹೋಯಿತು. ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕವನ್ನು ಅದು ಬರೆದಿಟ್ಟುಕೊಳ್ಳುವುದರಿಂದ, ಕರೆಂಟು ಬಂದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯಿತು. ಮಲಗುವ ಹೊತ್ತಿಗೆ ಅಂಚಿನ ಭಾಗ ಹೆಚ್ಚುಕಡಿಮೆ ಪೂರ್ತಿ ಬಂದಿದೆ. ದೊಡ್ಡ ಭಾರ ಇಳಿದಂತಾಯಿತು.

ಬುಧವಾರ, 12 ಜೂನ್

ನಕಲಿನೊಳಗೆ ವಿಡಿಯೋ_ಟಿಎಸ್ ಎಂಬ ಫೋಲ್ಡರು, ಅದರೊಳಗೆ ವಿಒಬಿ ಫೈಲುಗಳು. ಡಿವಿಡಿಯ ನಿಯಮದಂತೆ ಒಂದೊಂದು ಫೈಲೂ 1 ಜಿಬಿ ದಾಟುವ ಹಾಗಿಲ್ಲ, ಆದ್ದರಿಂದ ಮದುವೆ ಎಲ್ಲೆಂದರಲ್ಲಿ ತುಂಡಾಗಿದೆ. ಅಜ್ಜಿಯ ಹಾಡು ಎರಡು ಫೈಲುಗಳಲ್ಲಿ ಹರಿದು ಹೋಗಿದೆ. ಬಿಡಿಬಿಡಿಯಾಗಿ ಎಡಿಟಿಂಗಿಗೆ ಎಳೆದು ಹಾಕಿದರೆ ಬೆಸುಗೆಯಲ್ಲಿ ದನಿ ತಪ್ಪುವ ಭಯ. ಮೇಕ್‌ಎಂಕೆವಿ ಎಂಬ ತಂತ್ರಾಂಶಕ್ಕೆ ಇಡೀ ನಕಲನ್ನೇ ಕೊಟ್ಟೆ. ಚಿತ್ರವನ್ನಾಗಲಿ ದನಿಯನ್ನಾಗಲಿ ಮುಟ್ಟದೆ ಎಲ್ಲವನ್ನೂ ಒಂದೇ ಫೈಲಿಗೆ ಜೋಡಿಸಿತು.

ಎಂಪಿ4 ಮಾಡಿ ಚಿಕ್ಕದಾಗಿಸು, ಫೋನಿನಲ್ಲಿ ಕಳಿಸಬಹುದು ಎನ್ನುತ್ತಾರೆ ಮನೆಯವರು. ಕಳಿಸಲು ಒಂದು ಚಿಕ್ಕ ನಕಲು ಖಂಡಿತ ಮಾಡುತ್ತೇನೆ, ಆದರೆ ಮೂಲದ ಬದಲಿಗೆ ಅದನ್ನು ಇಡಲಾರೆ. ಕ್ಯಾಸೆಟ್ಟಿನಲ್ಲಿ ಗಂಟೆಗೆ ಸುಮಾರು 13 ಜಿಬಿ ಇದ್ದದ್ದನ್ನು ಹಿಂಡಿ ಹಿಂಡಿ 4.7 ಜಿಬಿಯ ಡಿಸ್ಕಿಗೆ ಇಡೀ ಮದುವೆ ತುಂಬಿಸಿದ್ದಾರೆ. ಹಿಂಡಿದ್ದನ್ನು ಇನ್ನೊಮ್ಮೆ ಹಿಂಡಿದರೆ ಮೊದಲು ಅಳಿಯುವುದು ಮುಖದ ಸುಕ್ಕು, ಸೀರೆಯ ನೇಯ್ಗೆ.

ಶನಿವಾರ, 15 ಜೂನ್

ಆ ಫೈಲನ್ನು ಕೆಡೆನ್‌ಲೈವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದೆ. ಅಜ್ಜಿ ಕೈ ಎತ್ತಿದಾಗಲೆಲ್ಲ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತಿತ್ತು. ಹಳೆಯ ಟಿವಿಗಾಗಿ ತೆಗೆದ ಚಿತ್ರವದು: ಸೆಕೆಂಡಿಗೆ 25 ಚೌಕಟ್ಟು, ಒಂದೊಂದರಲ್ಲೂ ಬೆಸ ಗೆರೆಗಳದೊಂದು ಕ್ಷಣ, ಸರಿ ಗೆರೆಗಳದಿನ್ನೊಂದು ಕ್ಷಣ. ಬಹಳ ಜನ ಅರ್ಧ ಗೆರೆಗಳನ್ನು ಎಸೆದು ಸೀಳು ಹೋಗಿಸುತ್ತಾರೆ. ಅಲ್ಲಿಗೆ ಅರ್ಧ ಚಲನೆಯೂ ಹೋಯಿತು. ಯಾಡಿಫ್ ಫಿಲ್ಟರಿನಿಂದ ಸೆಕೆಂಡಿಗೆ 50 ಚೌಕಟ್ಟು ಮಾಡಿಕೊಂಡೆ. ಅಜ್ಜಿ ಅಕ್ಕನ ಕೆನ್ನೆ ಸವರುವ ಆ ನಿಧಾನ ಹಾಗೇ ಬಂತು. 720×576ರ ಚಿತ್ರವನ್ನು 4:3ಕ್ಕೆ ಹೊಂದಿಸಿದ ಮೇಲೆ ಮುಖಗಳೂ ತಮ್ಮ ಆಕಾರಕ್ಕೆ ಬಂದವು.

ನೋವಾಗಿದ್ದು ದನಿಯ ವಿಷಯದಲ್ಲಿ. ಹಾಡಿನ ಮೊದಲೆರಡು ನುಡಿಗಳ ಮೇಲೆ ಸಿನಿಮಾ ಸಂಗೀತ ಹಾಕಿಬಿಟ್ಟಿದ್ದಾರೆ. ಆಗ ಮದುವೆ ವಿಡಿಯೋ ಎಂದರೆ ಹಾಗೇ, ಹೃದಯದಾಕಾರದಲ್ಲಿ ಚಿತ್ರ ಬದಲಾಗಬೇಕು, ಹಿಂದೆ ಹಾಡು ಬರಬೇಕು. ಚೆಂದ ಕಾಣಲೆಂದೇ ಮಾಡಿದ್ದು, ಅವರನ್ನು ದೂರುವುದಿಲ್ಲ. ಆದರೂ ಒಮ್ಮೆ ಬೆರೆತ ದನಿಯನ್ನು ಬಿಡಿಸುವುದು ಸುಲಭವಲ್ಲ. ಮೂರನೆಯ ನುಡಿಗೆ ಸಂಗೀತ ನಿಂತು ಅಜ್ಜಿಯ ದನಿ ಒಂದೇ ಉಳಿಯುತ್ತದೆ.

ಅಮ್ಮನನ್ನು ಕರೆದು ಕೇಳಿಸಿದೆ. "ಅಪ್ಪೀ, ಇನ್ನೊಂದ್ಸಲ ಹಾಕು" ಎಂದಳು.

ಭಾನುವಾರ, 16 ಜೂನ್

ಸಂಗೀತದಡಿ ಹೂತ ಸಾಲುಗಳನ್ನು ಅಮ್ಮ ನೆನಪಿನಿಂದ ಹೇಳಿ ಬರೆಸಿದಳು. ಅವನ್ನು ಚಿತ್ರದ ಕೆಳಗೆ ಅಕ್ಷರದಲ್ಲಿ ಕೊಡುತ್ತೇನೆ. ಒಂದು ಸಾಲು ಅವಳಿಗೂ ಬರಲಿಲ್ಲ, ದೊಡ್ಡಮ್ಮನಿಗೆ ಫೋನ್ ಮಾಡಬೇಕು. ಊಟದ ಪಂಕ್ತಿ, ಉಡುಗೊರೆಯ ಸಾಲು ಎಷ್ಟು ಬೇಕಾದರೂ ಕತ್ತರಿಸಬಹುದು. ಈ ಹಾಡಿನಲ್ಲಿ ಒಂದು ಚೌಕಟ್ಟನ್ನೂ ತೆಗೆಯುವುದಿಲ್ಲ.