ಕೌದಿಯಲ್ಲಿರುವ ರೇಖಾಗಣಿತ

ಹೆಣ್ಣುಮಕ್ಕಳಿಗೆ ಗಣಿತ ಒಗ್ಗುವುದಿಲ್ಲ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಬಹಳ ಸಲೀಸಾಗಿ ಆಡುತ್ತೇವೆ. ಅದೊಂದು ಮಾತಿಗೆ ಎಷ್ಟೋ ಹುಡುಗಿಯರ ಓದು ಅರ್ಧಕ್ಕೆ ನಿಂತುಬಿಡುತ್ತದೆ. ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿದ ನಾನು ವಿಜಯಪುರದ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಗಣಿತ ಕಲಿಸುತ್ತೇನೆ. ಕೂಡಿಸು, ಕಳೆ ಎಂದರೆ ಮುಂದೆ ಬರುವ ಹುಡುಗಿಯರು ರೇಖಾಗಣಿತ ಎಂದ ಕೂಡಲೇ ತಲೆ ತಗ್ಗಿಸುತ್ತಾರೆ. ಕೋನ, ಕರ್ಣ, ಪರಿಧಿ ಎಂಬ ಪದಗಳೇ ಅವರಿಗೆ ಪರಕೀಯ.

ಕಳೆದ ವರ್ಷ ಒಬ್ಬ ತಾಯಿ ಬಂದು, “ಆಪಾ, ನಮ್ಮವಳಿಗೆ ಗಣಿತ ತಲೆಗೇ ಹತ್ತುತ್ತಿಲ್ಲ. ಏಳನೇ ತರಗತಿ ಸಾಕು. ನನ್ನ ಜೊತೆ ಕೂತು ಕೌದಿ ಹೊಲಿಯಲಿ” ಎಂದರು.

“ಕೌದಿಯ ಮೂಲೆ ಸರಿಯಾಗಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ?” ಎಂದು ಕೇಳಿದೆ.

“ಎದುರುಬದುರು ಅಂಚುಗಳನ್ನು ಸಮ ಮಾಡಿಕೊಂಡು, ಮೂಲೆಯಿಂದ ಮೂಲೆಗೆ ದಾರ ಹಿಡಿಯುತ್ತೇನೆ. ಎರಡೂ ಕಡೆ ಒಂದೇ ಅಳತೆ ಬಂದರೆ ಸರಿ.”

ಆಯತದ ಕರ್ಣಗಳು ಸಮ ಎಂಬ ಪಾಠ ಅದೇ. ಪುಸ್ತಕ ತೆರೆದು ತೋರಿಸಿದೆ. ಮರುವಾರ ಅವರು ಕೌದಿಯೊಂದನ್ನು ಹಿಡಿದುಕೊಂಡು ತರಗತಿಗೇ ಬಂದರು. ಚೌಕದ ತುಂಡನ್ನು ಮೂಲೆಗೆ ಮೂಲೆ ಸೇರಿಸಿ ಮಡಚಿದಾಗ 90, 45, 45 ಡಿಗ್ರಿಯ ತ್ರಿಕೋನ ಮಕ್ಕಳ ಕೈಯಲ್ಲೇ ಮೂಡಿತು. ಮೂರನ್ನೂ ಕೂಡಿಸಿದರೆ 180.

ಅಂದಿನಿಂದ ನಾನು ಪಾಠದ ಸಾಮಾನನ್ನು ಮನೆ, ಬೀದಿಗಳಿಂದಲೇ ತರುತ್ತೇನೆ. ಗೂಟಕ್ಕೆ ದಾರ ಕಟ್ಟಿ ಅಂಗಳದಲ್ಲಿ ವೃತ್ತ ಎಳೆಯುತ್ತೇವೆ. ಮನೆಯ ಪಾಯ ಹಾಕುವ ಮೇಸ್ತ್ರಿ 3 ಅಡಿ, 4 ಅಡಿ ಗುರುತು ಮಾಡಿ, ಅಡ್ಡ ದಾರ 5 ಅಡಿ ಬಂತೇ ಎಂದು ನೋಡುವುದನ್ನು ಹುಡುಗಿಯರೇ ಮಾಡಿ ನೋಡುತ್ತಾರೆ. ನಮ್ಮೂರಿನಿಂದ ಕಿಬ್ಲಾ ನೇರ ಪಶ್ಚಿಮಕ್ಕಿಲ್ಲ, ಸುಮಾರು 13 ಡಿಗ್ರಿ ಉತ್ತರಕ್ಕೆ ವಾಲಿದೆ. ಕೋನಮಾಪಕವನ್ನು ನೆಲದ ಮೇಲಿಟ್ಟು ಅದನ್ನು ಗುರುತಿಸಿದ ದಿನ, ಡಿಗ್ರಿ ಎಂದರೇನು ಎಂದು ಮತ್ತೆ ಹೇಳಿಕೊಡಬೇಕಾಗಲಿಲ್ಲ.

ಗೋಲಗುಮ್ಮಟ ನಮ್ಮ ದೊಡ್ಡ ಪಾಠೋಪಕರಣ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಒಳಾಂಗಣ ಸುಮಾರು 41 ಮೀಟರ್ ಬದಿಯ ಚೌಕ. ಅದರ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿತು? ಮಕ್ಕಳಿಗೆ ರಟ್ಟಿನ ಎರಡು ಸಮ ಚೌಕಗಳನ್ನು ಕೊಟ್ಟು, ನಡುವೆ ಗುಂಡುಸೂಜಿ ಚುಚ್ಚಿ, ಒಂದನ್ನು 45 ಡಿಗ್ರಿ ತಿರುಗಿಸಲು ಹೇಳಿದೆ. ಎಂಟು ಮೂಲೆಯ ನಕ್ಷತ್ರ ಬಂತು, ಅದರ ನಡುವೆ ಅಷ್ಟಭುಜವೂ ಕಂಡಿತು. ಮರುದಿನ ಗುಮ್ಮಟದ ಕೆಳಗೆ ನಿಂತು ತಲೆಯೆತ್ತಿದಾಗ, ಒಂದನ್ನೊಂದು ದಾಟುವ ಕಮಾನುಗಳಲ್ಲಿ ಅದೇ ನಕ್ಷತ್ರ! ಚೌಕ ಅಷ್ಟಭುಜವಾಗಿ, ಅಷ್ಟಭುಜ ವೃತ್ತಕ್ಕೆ ಹತ್ತಿರವಾಗಿ ಗುಮ್ಮಟವನ್ನು ಹೊತ್ತಿದೆ.

ಹಾಗೆಂದು ಕೈಕೆಲಸವೇ ಗಣಿತ ಎಂದು ತಿಳಿಯಬಾರದು. ಹತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಬುಲ್ ವಫಾ ಅಲ್ ಬೂಝ್ಜಾನಿ ಎಂಬ ಗಣಿತಜ್ಞರು ಕುಶಲಕರ್ಮಿಗಳಿಗಾಗಿಯೇ ರೇಖಾಗಣಿತದ ಪುಸ್ತಕವೊಂದನ್ನು ಬರೆದಿದ್ದಾರೆ. ಮೂರು ಸಮ ಚೌಕಗಳನ್ನು ಕತ್ತರಿಸಿ ಒಂದೇ ದೊಡ್ಡ ಚೌಕ ಮಾಡಲು ಕೆಲವರು ಬಳಸುತ್ತಿದ್ದ ವಿಧಾನ ಕಣ್ಣಿಗೆ ಸರಿ ಕಂಡರೂ ತಪ್ಪು ಎಂದು ಅವರು ಅದರಲ್ಲಿ ತೋರಿಸಿಕೊಟ್ಟರು. ನಾನೂ ಅಷ್ಟೇ. ಮೊದಲು ಕತ್ತರಿ, ದಾರ, ರಟ್ಟು. ಆಮೇಲೆ “ಯಾಕೆ ಹೀಗಾಯಿತು? ಸಾಧಿಸು” ಎನ್ನುತ್ತೇನೆ. ಕೈ ಧೈರ್ಯ ಕೊಡುತ್ತದೆ, ಸಾಧನೆ ನಂಬಿಕೆ ಕೊಡುತ್ತದೆ. ಪರೀಕ್ಷೆಗೆ ಎರಡೂ ಬೇಕು.

ಆ ಹುಡುಗಿ ಈಗ ಎಂಟನೇ ತರಗತಿಯಲ್ಲಿದ್ದಾಳೆ. ತರಗತಿಗೆ ಮೊದಲಿಗಳೇನೂ ಅಲ್ಲ. ಆದರೆ ಶಾಲೆ ಬಿಟ್ಟಿಲ್ಲ, ಕೌದಿಯನ್ನೂ ಬಿಟ್ಟಿಲ್ಲ.

ತಾಯಂದಿರಲ್ಲಿ ನನ್ನದೊಂದು ವಿನಂತಿ. “ನನಗೂ ಗಣಿತ ಬರುತ್ತಿರಲಿಲ್ಲ” ಎಂದು ಮಗಳ ಮುಂದೆ ಹೇಳಬೇಡಿ. ನೀವು ಕುರ್ತಾದ ಕೊರಳು ಕತ್ತರಿಸುವಾಗ, ಮೆಹಂದಿ ಬಿಡಿಸುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿ, ಇಲ್ಲಿ ಯಾವ ಆಕೃತಿ ಇದೆ ಎಂದು ಕೇಳಿ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಕೈಕೊಟ್ಟರೆ ಮುಂದಿನ ಎಷ್ಟೋ ಬಾಗಿಲುಗಳು ಮುಚ್ಚುತ್ತವೆ. ಅವುಗಳನ್ನು ತೆರೆದಿಡುವ ಕೆಲಸ ನಿಮ್ಮ ಹೊಲಿಗೆಯ ಚಾಪೆಯ ಮೇಲೆಯೇ ಶುರುವಾಗಬಹುದು.